ರಕ್ತ ನಿಂತರೆ ರೋಗ ಹೋಯಿತೇ?

ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಬಂದವರನ್ನು ಚೀನಾದ ಪಾರಂಪರಿಕ ವೈದ್ಯರು ಶತಮಾನಗಳಿಂದ ಕೇಳುತ್ತ ಬಂದಿರುವ ಮೊದಲ ಪ್ರಶ್ನೆ, ನೋವಿದೆಯೇ ಎಂಬುದು. ಉರಿ, ನೋವು ಇದ್ದರೆ ಅದು ‘ಷ್ಯುಯೆ ಲಿನ್’, ಇಲ್ಲದಿದ್ದರೆ ‘ನ್ಯಾವ್ ಷ್ಯುಯೆ’. 14ನೇ ಶತಮಾನದ ವೈದ್ಯ ಝು ದಾನ್‌ಷಿ ಪರಂಪರೆಯ ಗ್ರಂಥಗಳಲ್ಲಿ ಈ ವಿಂಗಡಣೆ ಖಚಿತವಾಗಿದೆ. ಇಂದಿನ ಮೂತ್ರರೋಗ ತಜ್ಞರೂ ಕೇಳುವುದು ಇದನ್ನೇ. ಉರಿಯೊಡನೆ ಬರುವ ರಕ್ತಕ್ಕೆ ಸಾಮಾನ್ಯವಾಗಿ ಸೋಂಕೋ ಕಲ್ಲೋ ಕಾರಣ. ನೋವೇ ಇಲ್ಲದೆ ಬರುವ ರಕ್ತ, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ, ಮೂತ್ರಕೋಶದ ಅಥವಾ ಮೂತ್ರಪಿಂಡದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟನ್ನು ಬೇರ್ಪಡಿಸಿ ನೋಡಿದವರನ್ನು ಮೆಚ್ಚಲೇಬೇಕು. ನನ್ನ ತಕರಾರು ಆ ಪ್ರಶ್ನೆಯ ಬಗ್ಗೆ ಅಲ್ಲ, ಉತ್ತರ ಸಿಕ್ಕ ಮೇಲೆ ಅವರು ಹಿಡಿದ ದಾರಿಯ ಬಗ್ಗೆ.

ಆ ಪದ್ಧತಿಯಲ್ಲಿ ರಕ್ತಸ್ರಾವದ ಮೂಲ ಬಹುಮಟ್ಟಿಗೆ ‘ಉಷ್ಣ’. ಪ್ರಾಚೀನ ವೈದ್ಯಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’ ಮೂತ್ರಕೋಶಕ್ಕಿಳಿದ ಉಷ್ಣದಿಂದ ರಕ್ತಮೂತ್ರ ಬರುತ್ತದೆ ಎನ್ನುತ್ತದೆ. ಪ್ರಾಚೀನ ವೈದ್ಯ ಝಾಂಗ್ ಝೋಂಗ್‌ಜಿಂಗ್‌ನ ಗ್ರಂಥವೂ ಕೆಳಹೊಟ್ಟೆಯ ಭಾಗದ ಉಷ್ಣವನ್ನೇ ದೂರುತ್ತದೆ. ಮೈ ಉಷ್ಣವಾಗಿದೆ ಎಂದು ಬಾರ್ಲಿ ನೀರು, ಎಳನೀರು ಕುಡಿಯುವ ನಮಗೆ ಈ ಮಾತು ತೀರ ಅಪರಿಚಿತವಲ್ಲ. ಪಿತ್ತ ಕೆರಳಿ ರಕ್ತಸ್ರಾವವಾಗುತ್ತದೆ ಎನ್ನುವ ಆಯುರ್ವೇದದ ರಕ್ತಪಿತ್ತದ ಕಲ್ಪನೆಯೂ ಇದರ ನೆರೆಮನೆಯದೇ. ಇಂದಿನ ಚೀನೀ ಪಠ್ಯಪುಸ್ತಕಗಳು ನೋವಿಲ್ಲದ ರಕ್ತಮೂತ್ರಕ್ಕೆ ಉಷ್ಣದ ಜೊತೆಗೆ ಮೂತ್ರಪಿಂಡದ ದೌರ್ಬಲ್ಯ, ರಕ್ತವನ್ನು ಹಿಡಿದಿಡಲಾರದ ಗುಲ್ಮ ಮುಂತಾದ ಕಾರಣಗಳನ್ನೂ ಕೊಡುತ್ತವೆ. ನಾಲಿಗೆ ನೋಡಿ, ನಾಡಿ ಹಿಡಿದು ಇವುಗಳಲ್ಲಿ ಯಾವುದೆಂದು ನಿರ್ಧರಿಸುತ್ತಾರೆ. ಆದರೆ ಮೂತ್ರಕೋಶದ ಒಳಗೋಡೆಯಲ್ಲಿ ಬೆಳೆಯುತ್ತಿರುವ ಗಂಟು ನಾಲಿಗೆಯ ಮೇಲೆ ಕಾಣುವುದಿಲ್ಲ. ಹೀಗಾಗಿ ನಿರ್ಣಯ ಸರಿಯೋ ತಪ್ಪೋ ಎಂದು ತಿಳಿಯಲು ಉಳಿಯುವುದು ಒಂದೇ ಪರೀಕ್ಷೆ: ಔಷಧಿ ಕುಡಿದ ಮೇಲೆ ರಕ್ತ ನಿಂತಿತೇ?

ಈ ಕಾಯಿಲೆಯಲ್ಲಿ ನಂಬಬಾರದ ಪರೀಕ್ಷೆ ಅದೇ. ಮೂತ್ರಕೋಶದ ಕ್ಯಾನ್ಸರಿನ ರಕ್ತ ಒಂದೆರಡು ದಿನ ಕಾಣಿಸಿಕೊಂಡು, ಏನೂ ಮಾಡದಿದ್ದರೂ ತಾನಾಗಿ ನಿಂತು, ವಾರಗಳ ಅಥವಾ ತಿಂಗಳುಗಳ ಮೇಲೆ ಮತ್ತೆ ಬರಬಹುದು. ಆ ನಡುವೆ ಕುಡಿದದ್ದು ಕಷಾಯವಿರಲಿ, ಬಾರ್ಲಿ ನೀರಿರಲಿ, ಗೆದ್ದ ಹೆಸರು ಅದಕ್ಕೇ. ರೋಗಿ ಸಮಾಧಾನದಿಂದ ಮನೆಗೆ ಹೋಗುತ್ತಾನೆ, ವೈದ್ಯರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ, ಗೆಡ್ಡೆ ಬೆಳೆಯುತ್ತಲೇ ಇರುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಸಾವಿರ ವರ್ಷದ ಅನುಭವ ಎಂಬುದು ಇಂಥ ಸಾವಿರಾರು ಸುಳ್ಳು ಗೆಲುವುಗಳ ಮೊತ್ತವೂ ಆಗಿರಬಹುದು ಎಂಬುದಷ್ಟೇ ವಿಷಯ.

ಅನುಭವವೊಂದನ್ನೇ ನಂಬಲಾಗದು ಎಂಬುದಕ್ಕೆ ಸಾಕ್ಷಿ ಆ ಪದ್ಧತಿಯ ಔಷಧಿಪೆಟ್ಟಿಗೆಯೊಳಗೇ ಇದೆ. ರಕ್ತಮೂತ್ರಕ್ಕೆ ಹೆಸರಾದ ಔಷಧಯೋಗ ‘ಷಿಯಾವ್‌ಜಿ ಯಿನ್‌ಜಿ’ 13ನೇ ಶತಮಾನದ ಯಾನ್ ಯೊಂಗ್‌ಹ ಅವರದು. ಅದರ ಘಟಕಗಳಲ್ಲಿ ಒಂದು ‘ಮೂತೊಂಗ್’ ಎಂಬ ಬಳ್ಳಿಯ ಕಾಂಡ. ಕಾಲಾಂತರದಲ್ಲಿ ಮೂಲ ಬಳ್ಳಿಯ ಜಾಗಕ್ಕೆ ಅದೇ ಹೆಸರಿನಲ್ಲಿ ‘ಗ್ವಾನ್ ಮೂತೊಂಗ್’ ಎಂಬ ಬೇರೆಯೇ ಬಳ್ಳಿ ಬಂತು. ಇದು ಅರಿಸ್ಟೊಲೋಕಿಯಾ ಜಾತಿಗೆ ಸೇರಿದ್ದು. ಇದರ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರನಾಳದ ಒಳಪದರದಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆ. ಆ ಕ್ಯಾನ್ಸರಿನ ಮುಖ್ಯ ಲಕ್ಷಣವೇ ನೋವಿಲ್ಲದ ರಕ್ತಮೂತ್ರ! ಜಗತ್ತು ಎಚ್ಚೆತ್ತದ್ದು 1990ರ ದಶಕದಲ್ಲಿ, ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಒಂದರ ಹಿಂದೊಂದು ವಿಫಲವಾದಾಗ. ಅಲ್ಲೂ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಸೇರಿಕೊಂಡಿತ್ತು. ಅವರ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಟ್ಟ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಕ್ಯಾನ್ಸರ್ ಕಂಡುಬಂತು. 2003ರಲ್ಲಿ ಚೀನಾ ಗ್ವಾನ್ ಮೂತೊಂಗನ್ನು ನಿಷೇಧಿಸಿತು; ತೈವಾನ್ ಕೂಡ ಅದೇ ವರ್ಷ ಕ್ರಮ ಕೈಗೊಂಡಿತು. ಕ್ಯಾನ್ಸರ್ ಬರಲು ಹಿಡಿಯುವ ಕಾಲ ವರ್ಷಗಳದ್ದು, ದಶಕಗಳದ್ದು. ಒಬ್ಬೊಬ್ಬ ರೋಗಿಯನ್ನು ನೋಡಿ ಕಳಿಸುವ ವೈದ್ಯರಿಗೆ, ಅವರೆಷ್ಟೇ ಜಾಣರಾಗಿರಲಿ, ಅದು ಗೊತ್ತಾಗುವ ಬಗೆಯೇ ಇರಲಿಲ್ಲ.

ಆಧುನಿಕ ಔಷಧಿಗಳು ವಿಷವಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ನೋವಿನ ಮಾತ್ರೆ ಫೆನಾಸೆಟಿನ್ ಕೂಡ ಮೂತ್ರಪಿಂಡ ಕೆಡಿಸಿ ಇದೇ ಬಗೆಯ ಕ್ಯಾನ್ಸರಿಗೆ ಕಾರಣವಾಗಿತ್ತು. ಅದು ಅಂಗಡಿಗಳಿಂದ ಮಾಯವಾದದ್ದು ರೋಗಿಗಳ ಲೆಕ್ಕ ಇಟ್ಟು ಹೋಲಿಸಿ ನೋಡಿದ್ದರಿಂದ. ಅರಿಸ್ಟೊಲೋಕಿಯಾ ಸಿಕ್ಕಿಬಿದ್ದದ್ದೂ ಅದೇ ಲೆಕ್ಕದಿಂದ, ನಾಡಿಪರೀಕ್ಷೆಯಿಂದಲ್ಲ. ಚೀನೀ ಮೂಲಿಕೆಯಿಂದಲೇ ಮಲೇರಿಯಾ ಔಷಧಿ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತಲ್ಲ ಎಂಬುದು ಇನ್ನೊಂದು ವಾದ. ಅದು ನನ್ನ ಪಕ್ಷದ ವಾದವೇ. ಹಳೆಯ ಗ್ರಂಥದಿಂದ ಅವರು ಸುಳಿವು ತೆಗೆದುಕೊಂಡರು. ಆಮೇಲೆ ಇಲಿ, ಕೋತಿ, ಮನುಷ್ಯರ ಮೇಲೆ ಪರೀಕ್ಷಿಸಿದರು. ಇನ್ನು, ಚೀನಾದ ಪಾರಂಪರಿಕ ಆಸ್ಪತ್ರೆಗಳಲ್ಲೇ ಈಗ ಸ್ಕ್ಯಾನಿಂಗ್, ಮೂತ್ರಕೋಶದೊಳಗೆ ಕೊಳವೆಯಿಳಿಸಿ ನೋಡುವ ಸಿಸ್ಟೊಸ್ಕೋಪಿ ಮಾಡುತ್ತಾರಲ್ಲ ಎಂಬ ಮಾತೂ ನಿಜ. ಉಷ್ಣದ ಲೆಕ್ಕಾಚಾರವೊಂದೇ ಸಾಲದು ಎಂದು ಅವರೇ ಒಪ್ಪಿದಂತಾಯಿತು.

ಇದು ದೂರದ ಚೀನಾದ ಮಾತಷ್ಟೇ ಅಲ್ಲ. ಹಾವಿನ ವಿಷಕ್ಕೆಂದು ನಮ್ಮಲ್ಲಿ ಬಳಸುತ್ತ ಬಂದಿರುವ ಈಶ್ವರಿ ಬೇರು ಇದೇ ಅರಿಸ್ಟೊಲೋಕಿಯಾ ಜಾತಿಯದು, ಅದರಲ್ಲೂ ಅದೇ ಆಮ್ಲವಿದೆ. ಅದನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಮೂತ್ರ ಒಮ್ಮೆ ಕೆಂಪಾಗಿ ಮರುದಿನ ತಿಳಿಯಾದರೆ ಉಷ್ಣ ಇಳಿಯಿತೆಂದು ಸುಮ್ಮನಾಗಬೇಡಿ. ಬೀಡಿ, ಸಿಗರೇಟು ಸೇದುವವರು, ನಲವತ್ತು ದಾಟಿದವರಂತೂ ನೋವಿಲ್ಲವೆಂದು ಒಂದು ವಾರವನ್ನೂ ಕಳೆಯದೆ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ. ವೈದ್ಯರು ಸಿಸ್ಟೊಸ್ಕೋಪಿ ಬೇಕೆಂದರೆ ಹಿಂಜರಿಯಬೇಡಿ. ಬಾರ್ಲಿ ನೀರನ್ನು ಆಮೇಲೂ ಕುಡಿಯಬಹುದು.