ಶುದ್ಧಿಗೊಳಿಸುವ ನೀರಿಗೂ ಪರೀಕ್ಷೆ ಬೇಕು



ಕಳೆದ ತಿಂಗಳು ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯ ತಾಯಿಯವರು ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿ ಬಹುದಿನಗಳಿಂದ ಹಾಸಿಗೆ ಹಿಡಿದಿದ್ದಾರೆ. ಅವರ ಸೇವೆಯ ಭಾರವೆಲ್ಲ ಸೊಸೆಯ ಮೇಲಿದೆ. ಪ್ರಸಾದವಾದ ಬಳಿಕ ಆ ಸೊಸೆ ಸಿಂಪಡಿಸುವ ಬಾಟಲಿಯೊಂದನ್ನು ತಂದು ನಮ್ಮ ಮುಂದಿಟ್ಟು, "ಗುರುಗಳೇ, ನಮ್ಮ ಮೈದುನ ಬೆಂಗಳೂರಿನಿಂದ ತಂದುಕೊಟ್ಟದ್ದು. ಹೈಪೋಕ್ಲೋರಸ್ ಆಮ್ಲ ಎಂದು ಬರೆದಿದೆ. ನೂರಕ್ಕೆ ನೂರು ಶುದ್ಧ ಎಂದೂ ಬರೆದಿದೆ. ಅತ್ತೆಯವರ ಮಂಚ, ಮೇಜು, ಶೌಚದ ಪಾತ್ರೆ ಎಲ್ಲಕ್ಕೂ ಇದನ್ನೇ ಸಿಂಪಡಿಸುತ್ತೇನೆ. ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಕೇಳಿದರು.

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. 2020ರ ಮಹಾಮಾರಿಯ ನಂತರ ಇಂತಹ ಬಾಟಲಿಗಳೂ, ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಈ ದ್ರಾವಣವನ್ನು ಮನೆಯಲ್ಲಿಯೇ ತಯಾರಿಸುವ ಉಪಕರಣಗಳೂ ಅಂಗಡಿಗಳಲ್ಲಿ ಕಾಣಸಿಗುತ್ತಿವೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಹೆಸರು ಹೊಸದಾಗಿ ಕೇಳಿಸಿದರೂ ವಸ್ತು ಹಳೆಯದು. ಫ್ರಾನ್ಸಿನ ಬಲಾರ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು 1834ರಲ್ಲಿ ಕಂಡುಹಿಡಿದನು. ನಾವು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ನೀರಿನಲ್ಲಿ ಹುಟ್ಟಿ ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಈ ಆಮ್ಲವೇ. ನಮ್ಮ ರಕ್ತದ ಬಿಳಿಯ ಕಣಗಳು ಕೂಡ ರೋಗಾಣುಗಳೊಡನೆ ಹೋರಾಡಲು ಇದನ್ನೇ ತಯಾರಿಸಿಕೊಳ್ಳುತ್ತವೆ. ಮಾರುವವರು ಈ ಮಾತನ್ನು ಜಾಹೀರಾತಿನಲ್ಲಿ ಹೇಳುವುದುಂಟು. ಮಾತು ನಿಜ. ಆದರೆ ರಕ್ತಕಣವು ಅದನ್ನು ಬೇಕಾದ ಕ್ಷಣದಲ್ಲಿ ತಯಾರಿಸಿ ಆ ಕ್ಷಣದಲ್ಲಿಯೇ ಬಳಸುತ್ತದೆ. ತಿಂಗಳುಗಟ್ಟಲೆ ಕಿಟಕಿಯ ಮೇಲೆ ಕೂಡಿಡುವುದಿಲ್ಲ.

ಇದರ ಶಕ್ತಿಗೆ ಇತಿಹಾಸವೇ ಸಾಕ್ಷಿ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18 ಮಂದಿ ತೀರಿಕೊಂಡರು. ಸೆಮ್ಮೆಲ್ವೈಸ್ ಎಂಬ ವೈದ್ಯನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದ ಹೊರತು ಯಾರೂ ಬಾಣಂತಿಯರನ್ನು ಮುಟ್ಟಕೂಡದೆಂದು ಮೇ ತಿಂಗಳಲ್ಲಿ ಕಟ್ಟಳೆ ಮಾಡಿದನು. ಜೂನ್ ತಿಂಗಳಲ್ಲಿ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1915ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದವರು ಬ್ಲೀಚಿಂಗ್ ಪುಡಿ ಮತ್ತು ಬೋರಿಕ್ ಆಮ್ಲಗಳನ್ನು ಸಮಭಾಗವಾಗಿ ನೀರಿನಲ್ಲಿ ಬೆರೆಸಿ ಗಾಯ ತೊಳೆಯುವ ದ್ರಾವಣವನ್ನು ಸಿದ್ಧಪಡಿಸಿದರು. ಅದೇ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರು ಕಂಡ 'ಯೂಸಾಲ್'. ಅದನ್ನು ಆಗಾಗ ಹೊಸದಾಗಿ ತಯಾರಿಸಿಕೊಳ್ಳಬೇಕಾಗಿತ್ತು, ಏಕೆಂದರೆ ಹಳತಾದರೆ ಅದು ಬರಿಯ ನೀರು. ಹೊಸದಾಗಿ ಬೆಳೆಯುವ ಮಾಂಸಕ್ಕೂ ಅದು ಪೆಟ್ಟು ಕೊಡುತ್ತದೆಂಬ ಕಾರಣದಿಂದ ಇಂದು ಗಾಯಗಳಿಗೆ ಅದರ ಬಳಕೆ ಬಹಳ ಕಡಿಮೆಯಾಗಿದೆ.

ಇನ್ನು ಶುದ್ಧತೆಯ ಮಾತು. 'ನೂರಕ್ಕೆ ನೂರು ಹೈಪೋಕ್ಲೋರಸ್ ಆಮ್ಲ' ಎಂಬುದು ಬಾಟಲಿಯಲ್ಲಿ ಇರಲಾರದು. ಈ ಆಮ್ಲವನ್ನು ನೀರಿನಿಂದ ಬೇರ್ಪಡಿಸಿ ಇಡಲು ಬರುವುದಿಲ್ಲ. ಬಾಟಲಿಯ ಮೇಲೆ 200 ಪಿಪಿಎಂ ಎಂದಿದ್ದರೆ ಒಂದು ಲೀಟರಿನಲ್ಲಿ 200 ಮಿಲಿಗ್ರಾಂ ಎಂದರ್ಥ. ಉಳಿದದ್ದು ನೀರು ಮತ್ತು ಅಲ್ಪ ಉಪ್ಪು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ: ಇದರಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ? ಉಳಿದದ್ದು ಯಾವ ರೂಪದಲ್ಲಿದೆ?

ರೂಪದ ಮಾತು ಮುಖ್ಯ. ನೀರಿನಲ್ಲಿ ಈ ಕ್ಲೋರಿನ್ ಎರಡು ರೂಪಗಳಲ್ಲಿರುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಇನ್ನೊಂದು ಹೈಪೋಕ್ಲೋರೈಟ್. ಮೊದಲನೆಯದು ರೋಗಾಣುವಿನ ಹೊದಿಕೆಯನ್ನು ಸುಲಭವಾಗಿ ದಾಟುತ್ತದೆ. ಎರಡನೆಯದು ಅದಕ್ಕಿಂತ ಬಹಳ ನಿಧಾನ. ಯಾವುದು ಎಷ್ಟಿರಬೇಕೆಂಬುದನ್ನು ನೀರಿನ ಹುಳಿ-ಕ್ಷಾರಗಳ ಅಳತೆಯಾದ ಪಿಎಚ್ ನಿರ್ಧರಿಸುತ್ತದೆ. ಪಿಎಚ್ 6 ಇದ್ದರೆ ನೂರಕ್ಕೆ ಸುಮಾರು 97 ಭಾಗ ಆಮ್ಲದ ರೂಪದಲ್ಲಿರುತ್ತದೆ, 7.5ಕ್ಕೆ ಏರಿದರೆ ಅರ್ಧಕ್ಕರ್ಧ, 8.5 ಆದರೆ ಹತ್ತನೆಯ ಒಂದು ಪಾಲೂ ಉಳಿಯುವುದಿಲ್ಲ. ಮನೆಯ ಉಪಕರಣಗಳಲ್ಲಿ ಬರಿಯ ಉಪ್ಪುನೀರನ್ನು ಒಂದೇ ಪಾತ್ರೆಯಲ್ಲಿಟ್ಟು ವಿದ್ಯುತ್ ಹರಿಸುವಂಥವು ಕ್ಷಾರದ ಕಡೆಗೇ ವಾಲುತ್ತವೆ. ಹೆಸರು ಆಮ್ಲದ್ದು, ಒಳಗಿರುವುದು ಹೆಚ್ಚಾಗಿ ಹೈಪೋಕ್ಲೋರೈಟ್.

ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿ ಮತ್ತು ಪಿಎಚ್ ಅಳೆಯುವ ಪಟ್ಟಿ, ಇವೆರಡೂ ಇದ್ದರೆ ಸಾಕು. ಒಂದೇ ಸಾಲದು, ಕ್ಲೋರಿನ್ ಪಟ್ಟಿ ಎರಡೂ ರೂಪಗಳನ್ನು ಕೂಡಿಸಿಯೇ ತೋರಿಸುತ್ತದೆ. ಇಲ್ಲಿ ಒಂದು ಎಚ್ಚರ. ಕುಡಿಯುವ ನೀರಿಗಾಗಿ ಮಾಡಿದ ಪಟ್ಟಿಯನ್ನಾಗಲಿ, ನೀರನ್ನು ಗುಲಾಬಿಗೊಳಿಸುವ ಡಿಪಿಡಿ ಗುಳಿಗೆಯನ್ನಾಗಲಿ ತೀಕ್ಷ್ಣ ದ್ರಾವಣಕ್ಕೆ ಹಾಕಿದರೆ, ಕ್ಲೋರಿನ್ನೇ ಬಣ್ಣವನ್ನು ತಿಂದುಹಾಕಿ 'ಏನೂ ಇಲ್ಲ' ಎಂದು ಸುಳ್ಳು ಹೇಳಿಸಬಹುದು. ಆದುದರಿಂದ ಒಂದು ಭಾಗ ದ್ರಾವಣಕ್ಕೆ ಕ್ಲೋರಿನ್ ಇಲ್ಲದ 99 ಭಾಗ ನೀರು ಸೇರಿಸಿ ಅಳೆದು, ಬಂದ ಅಂಕಿಯನ್ನು ನೂರರಿಂದ ಗುಣಿಸಬೇಕು. ವಾಸನೆಯನ್ನು ಮಾತ್ರ ನಂಬಲೇಬಾರದು. ಕ್ಲೋರಿನ್ ಕೊಳೆಯೊಡನೆ ಸೇರಿ ಬಲಗುಂದಿದಾಗಲೂ ಘಾಟು ಹೊಡೆಯುತ್ತದೆ.

ಆ ಮನೆಯ ಬಾಟಲಿ ಪಾರದರ್ಶಕವಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿತ್ತು. ತೆರೆದು ಏಳು ತಿಂಗಳಾಗಿತ್ತು. ಬೆಳಕು ಮತ್ತು ಬಿಸಿ ಇದರ ಶತ್ರುಗಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಿತ್ರರೊಬ್ಬರಿಂದ ಪಟ್ಟಿಗಳನ್ನು ತರಿಸಿ, ಮರುವಾರ ಆ ತಾಯಿಯ ಎದುರಿನಲ್ಲಿಯೇ ಅಳೆದೆವು. ಬಾಟಲಿಯ ಮೇಲಿದ್ದ ಅಂಕಿ 200. ಪಟ್ಟಿ ತೋರಿಸಿದ್ದು ಹತ್ತಕ್ಕಿಂತಲೂ ಕಡಿಮೆ. ನೀರು ಬೆರೆಸಿ ಅಳೆದಾಗ ಬಣ್ಣವೇ ಮೂಡಲಿಲ್ಲ.

ಆ ತಾಯಿಯ ಮುಖ ಬಾಡಿತು. "ಹಾಗಾದರೆ ಇಷ್ಟು ದಿನ ನಾನು ಬರಿಯ ನೀರನ್ನೇ ಚಿಮುಕಿಸುತ್ತಿದ್ದೆನೇ? ಇದನ್ನು ನಂಬಿ ಸಾಬೂನಿನಿಂದ ತೊಳೆಯುವುದನ್ನೂ ಬಿಟ್ಟಿದ್ದೆನಲ್ಲಾ!" ಎಂದರು. ಅವರನ್ನು ಸಮಾಧಾನಪಡಿಸಲು, ನಾವು ಯಾರಿಗೂ ಹೆಚ್ಚಾಗಿ ಹೇಳದ ಒಂದು ಸಂಗತಿಯನ್ನು ಹೇಳಿದೆವು. ಇಲ್ಲಿಯೂ ಹೇಳುತ್ತೇವೆ.

ನಾವು ಮಠದಲ್ಲಿ ಓದುತ್ತಿದ್ದ ಕಾಲ. ಜಾತ್ರೆಯ ದಾಸೋಹಕ್ಕೆ ನೀರು ಒದಗಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪುಡಿ ಎಂಬ ಲೆಕ್ಕವನ್ನು ಓದಿಕೊಂಡು, ತೊಟ್ಟಿಯ ಉದ್ದ, ಅಗಲ, ಆಳ ಅಳೆದು, ತಕ್ಕಡಿಯಲ್ಲಿ ತೂಗಿ ಹಾಕಿದೆವು. ಅಳತೆಯಲ್ಲಿ ಒಂದು ಗ್ರಾಂ ತಪ್ಪಿರಲಿಲ್ಲ. ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮೂರನೆಯ ದಿನ ವಾಂತಿಭೇದಿ ಕಾಣಿಸಿಕೊಂಡಿತು. ಒಂದು ಮಗುವನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದು ಎರಡು ದಿನ ಸಲೈನ್ ಹಚ್ಚಬೇಕಾಯಿತು. ಆರೋಗ್ಯ ನಿರೀಕ್ಷಕರು ಬಂದು ತೊಟ್ಟಿಯ ನೀರನ್ನು ಚಿಕ್ಕ ನಳಿಕೆಯಲ್ಲಿ ತೆಗೆದುಕೊಂಡು ಆರ್ಥೊಟೊಲಿಡಿನ್ ಹನಿ ಹಾಕಿದರು. ಹಳದಿಯಾಗಬೇಕಾಗಿದ್ದ ನೀರು ತಿಳಿಯಾಗಿಯೇ ಉಳಿಯಿತು. ಅವರು ನಮ್ಮ ಪುಡಿಯ ಚೀಲ ನೋಡಿದರು. ಬಾಯಿ ಬಿಚ್ಚಿದ ಚೀಲ, ಹಿಂದಿನ ವರ್ಷದ್ದು, ಉಗ್ರಾಣದ ತೇವದಲ್ಲಿ ಗಂಟುಕಟ್ಟಿತ್ತು. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆಂದೂ, ಗಾಳಿ-ತೇವಗಳಿಗೆ ತೆರೆದಿಟ್ಟರೆ ಅದು ಹಾರಿಹೋಗುತ್ತದೆಂದೂ ತಿಳಿಸಿದರು. ನಾವು ತೂಗಿ ಹಾಕಿದ್ದು ಸುಣ್ಣವನ್ನು. ಮಗು ಬದುಕಿತು, ಅದರ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾವು ಇಂದಿಗೂ ಮರೆತಿಲ್ಲ.

ಆದುದರಿಂದ ಮನೆಯಲ್ಲಿ ರೋಗಿಯ ಸೇವೆ ಮಾಡುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆಯಬೇಕು. ಕೀವು, ರಕ್ತ, ಅನ್ನದ ಅಗುಳು ಇವೆಲ್ಲ ಕ್ಲೋರಿನ್ನನ್ನು ನುಂಗಿ ರೋಗಾಣುಗಳನ್ನು ಉಳಿಸುತ್ತವೆ. ಸಿಂಪಡಿಸಿದ ಕೂಡಲೆ ಒರೆಸದೆ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ರಕ್ತ ಚೆಲ್ಲಿದ ಜಾಗಕ್ಕೆ 200 ಪಿಪಿಎಂ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ 5000 ಪಿಪಿಎಂ ಹೈಪೋಕ್ಲೋರೈಟ್ ಹೇಳುತ್ತದೆ. ತಯಾರಾದ ದಿನಾಂಕ ನೋಡಿ ಕೊಳ್ಳಬೇಕು. ಬೆಳಕು ಹೋಗದ ಬಾಟಲಿಯಲ್ಲಿ ತಂಪಾದ ಕಡೆ ಇಡಬೇಕು. ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಬೇಕು. ಪಿಎಚ್ ಇಳಿಸುವೆವೆಂದು ಬ್ಲೀಚಿಂಗ್ ದ್ರಾವಣಕ್ಕೆ ಶೌಚಾಲಯದ ಆ್ಯಸಿಡ್ಡನ್ನಾಗಲಿ ವಿನಿಗರನ್ನಾಗಲಿ ಎಂದಿಗೂ ಸುರಿಯಬಾರದು, ಏಳುವುದು ವಿಷವಾಯು. ಮನುಷ್ಯರ ಮೈಮೇಲೆ ಸಿಂಪಡಿಸಬಾರದೆಂದು ನಮ್ಮ ಕೇಂದ್ರ ಆರೋಗ್ಯ ಇಲಾಖೆ 2020ರ ಏಪ್ರಿಲ್‌ನಲ್ಲಿಯೇ ತಿಳಿಸಿದೆ. ಹುಣ್ಣಿಗೆ ಏನು ಹಚ್ಚಬೇಕೆಂಬುದು ವೈದ್ಯರ ಮಾತು. ಮೇಜಿಗೆ ತಂದ ಬಾಟಲಿ ಗಾಯಕ್ಕಲ್ಲ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆವು. ಬಾಗಿಲ ಬಳಿ ಸಾಬೂನು ನೀರಿನ ಬಕೆಟ್ಟಿತ್ತು. ಹೊಸ ಬಾಟಲಿ ಕಪಾಟಿನೊಳಗಿತ್ತು. ಅದರ ಮೇಲೆ ಸೊಸೆಯ ಕೈಬರಹದಲ್ಲಿ ತೆರೆದ ದಿನಾಂಕ, ಅದರ ಕೆಳಗೆ ಪ್ರತಿ ಸೋಮವಾರ ಅಳೆದ ಅಂಕಿಗಳು. ಹಿರಿಯ ತಾಯಿಯವರು ಮಂಚದ ಮೇಲಿಂದಲೇ ನಕ್ಕು, "ನಮ್ಮ ಸೊಸೆ ಈಗ ನೀರಿಗೂ ಪರೀಕ್ಷೆ ಇಡುತ್ತಾಳೆ, ಗುರುಗಳೇ" ಎಂದರು. ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷ ಬೇಕಾಗಿರಲಿಲ್ಲ.