ಚಂದ್ರಗಿರಿಯ ದಡದಲ್ಲಿ ಒಂದು ದಿನ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಶಾಲಾ ಪ್ರವಾಸವೆಂದೊಡನೆ ನಮಗೆ ನೆನಪಾಗುವುದು ಮೈಸೂರು, ಬೇಲೂರು, ಹಳೇಬೀಡು. ಇವು ನೋಡತಕ್ಕ ಸ್ಥಳಗಳೇ, ಸಂದೇಹವಿಲ್ಲ. ಆದರೆ ಕಾಸರಗೋಡು ಪೇಟೆಯಿಂದ ಕೆಲವೇ ಕಿಲೋಮೀಟರು ದೂರದ ಚಂದ್ರಗಿರಿ ಕೋಟೆಯನ್ನು ಹತ್ತಿದವರು ಒಂದು ತರಗತಿಯಲ್ಲಿ ಎಷ್ಟು ಮಂದಿ ಸಿಕ್ಕಾರು? ದೂರದೂರಿಗೆ ಹೊರಡುವ ಮೊದಲು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಹೊಳೆಯ ದಡದಲ್ಲಿ ಒಂದು ದಿನ ಕಳೆಯಬೇಕೆಂಬುದು ನನ್ನ ಅಭಿಪ್ರಾಯ.

‘ಅಲ್ಲೇನಿದೆ, ಬರಿಯ ಮುರಕಲ್ಲಿನ ಗೋಡೆ’ ಎನ್ನುವವರಿದ್ದಾರೆ. ಆ ಗೋಡೆ ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಕೆಳಗೆ, ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿದು ಬಂದ ಪಯಸ್ವಿನಿ, ಅಂದರೆ ನಮ್ಮ ಚಂದ್ರಗಿರಿ ಹೊಳೆ, ಪಡುವಣಕ್ಕೆ ಕಡಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಹೊಸದಾಗಿ ದಕ್ಕಿದ ನಾಡಿನ ಬೆಳೆ, ವ್ಯಾಪಾರ, ಜನಜೀವನಗಳನ್ನು ಅರಿತು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಲ್ಲಿಗೆ ಬಂದನು. ತೆಂಕಣ ದಡದ ಎತ್ತರದಲ್ಲಿರುವ ಈ ದೊಡ್ಡ ಚೌಕ ಕೋಟೆಯ ಸಂಗತಿಯನ್ನೂ, ಮಲಯಾಳಕ್ಕೂ ತುಳುವಕ್ಕೂ ಈ ಹೊಳೆಯೇ ಗಡಿಯೆಂದು ಜನರು ಎಣಿಸುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ.

ಗಡಿಯ ಮಾತು ಅಲ್ಲಿಗೆ ಮುಗಿಯಲಿಲ್ಲ. 1956ರಲ್ಲಿ ಎರಡು ದಡಗಳೂ ಕೇರಳಕ್ಕೆ ಸೇರಿದವು. ಹೊಳೆಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ಅದು ಜಾರಿಗೆ ಬರಲಿಲ್ಲ. ಹೀಗಾಗಿ ನಮ್ಮ ಮಕ್ಕಳು ಚಂದ್ರಗಿರಿಯನ್ನು ಭಾಷಣಗಳಲ್ಲಿ ಒಂದು ಗೆರೆಯಾಗಿ ಕೇಳಿದ್ದಾರೆಯೇ ಹೊರತು ಹೊಳೆಯಾಗಿ ಕಂಡಿಲ್ಲ. ಇದು ಕೊರತೆಯಲ್ಲವೇ?

ಕೋಟೆಯ ಮೇಲೆ ನಿಂತು ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ಗಡಿಯೆನಿಸಿಕೊಂಡ ಹೊಳೆಯ ಆಚೆ ದಡದಲ್ಲಿಯೇ ಕನ್ನಡದ ಅರಸನ ಕೋಟೆಯಿದೆ! ಅರಸರು ದಾಟಿದರು, ಕಂಪೆನಿಯವರು ದಾಟಿದರು. ಕಡವಿನ ದೋಣಿಯಲ್ಲಿ ತುಳು, ಕನ್ನಡ, ಮಲಯಾಳ ಆಡುವವರೆಲ್ಲ ಒಟ್ಟಿಗೆ ದಾಟಿದರು. ನಮ್ಮ ಭಾಷೆಯ ಹಕ್ಕನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡ ಶಾಲೆ, ಕನ್ನಡ ಪಾಠಪುಸ್ತಕ, ಕನ್ನಡದಲ್ಲಿ ಅರ್ಜಿ ಬರೆಯುವ ಅವಕಾಶ ನಮಗೆ ಬೇಕೇ ಬೇಕು. ಆದರೆ ಭಾಷಾಭಿಮಾನವು ನೆರೆಯವನ ಮೇಲಣ ಮುನಿಸಾಗಬಾರದು. ಈ ಪಾಠವನ್ನು ಹೊಳೆಯ ದಡವು ನಮಗಿಂತ ಚೆನ್ನಾಗಿ ಕಲಿಸೀತು.

ಇದಕ್ಕೆ ದೊಡ್ಡ ಖರ್ಚಿಲ್ಲ. ಮನೆಯ ಬುತ್ತಿ, ಒಂದು ನೋಟುಪುಸ್ತಕ, ಅಳತೆಯ ಹಗ್ಗ ಸಾಕು. ಗೋಡೆಯನ್ನು ಅಳೆಯಲಿ, ಕೊತ್ತಲದ ಚಿತ್ರ ಬರೆಯಲಿ, ದೋಣಿಗೆ ಸಂಬಂಧಿಸಿದ ಮಾತುಗಳನ್ನು ಮೂರು ಭಾಷೆಗಳಲ್ಲಿ ಕೇಳಿ ಬರೆದುಕೊಳ್ಳಲಿ. ಆಟವೂ ಇರಲಿ, ಹಾಡೂ ಇರಲಿ. ನೀರಿಗಿಳಿಯುವ ಸಾಹಸ ಮಾತ್ರ ಬೇಡ. ಗೋಡೆಯ ಮೇಲೆ ಹೆಸರು ಕೆತ್ತುವುದು, ಪ್ಲಾಸ್ಟಿಕ್ ಬಿಸಾಡುವುದು ನಾಚಿಕೆಗೇಡು.

ವಿದ್ಯಾರ್ಥಿ ಮಿತ್ರರೇ, ಮುಂದಿನ ವರ್ಷ ಪ್ರವಾಸದ ಪಟ್ಟಿ ತಯಾರಾಗುವಾಗ ನಿಮ್ಮ ಅಧ್ಯಾಪಕರನ್ನು ನೀವೇ ಕೇಳಿ: ಮೊದಲು ಚಂದ್ರಗಿರಿಗೆ ಯಾವಾಗ ಹೋಗೋಣ?