ಗೋದಲಿ ಕಲಿಸುವ ಕೃತಜ್ಞತೆ

ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಲ್ಲಿ, ಚರ್ಚುಗಳಲ್ಲಿ ಗೋದಲಿ ಕಟ್ಟುವ ಸಡಗರ. ಬಿದಿರು, ಹುಲ್ಲು, ಬಣ್ಣದ ಕಾಗದ, ಮಣ್ಣಿನ ಗೊಂಬೆಗಳನ್ನು ಮಕ್ಕಳೇ ಮುಂದೆ ನಿಂತು ಹೊಂದಿಸುತ್ತಾರೆ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಛತ್ರದಲ್ಲಿ ಸ್ಥಳ ಸಿಗದೆ ಮರಿಯಳು ತನ್ನ ಹಸುಗೂಸನ್ನು ಮಲಗಿಸಿದ್ದು ಇಂಥ ಗೋದಲಿಯಲ್ಲಿ ಎನ್ನುತ್ತದೆ ಲೂಕನ ಸುವಾರ್ತೆ. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದೂ ಅರಮನೆಗಲ್ಲ. ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ.

ಈ ದೃಶ್ಯವನ್ನು ಜನರ ಕಣ್ಣಮುಂದೆ ತಂದವರು ಇಟಲಿಯ ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅವರು ಒಂದು ಗೋದಲಿ ಇರಿಸಿ, ಹುಲ್ಲು ತುಂಬಿಸಿ, ಜೀವಂತ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿದರು. ಊರಿನವರು ದೀಪ, ಪಂಜು ಹಿಡಿದು ಬಂದರು. ಆ ಮಗು ಪಟ್ಟ ಕಷ್ಟವನ್ನು ಎಲ್ಲರೂ ಕಣ್ಣಾರೆ ಕಾಣಬೇಕೆಂಬುದೇ ಫ್ರಾನ್ಸಿಸರ ಉದ್ದೇಶವಾಗಿತ್ತು. 2023ಕ್ಕೆ ಈ ಘಟನೆಗೆ 800 ವರ್ಷ ತುಂಬಿತು.

ಫ್ರಾನ್ಸಿಸರಿಗೆ ಇನ್ನೂ ಒಂದು ಆಸೆ ಇತ್ತೆಂದು ಅವರ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ದಾಖಲಿಸಿದ್ದಾರೆ. ಕ್ರಿಸ್ಮಸ್ ದಿನ ಉಳ್ಳವರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು. ಎತ್ತು, ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು. ಹಕ್ಕಿಗಳಿಗಾಗಿ ದಾರಿಯುದ್ದಕ್ಕೂ ಕಾಳು ಚೆಲ್ಲಬೇಕು. ಹಾಗೆ ಆಜ್ಞೆ ಹೊರಡಿಸಿರೆಂದು ಚಕ್ರವರ್ತಿಯನ್ನೇ ಕೇಳಿಕೊಳ್ಳುವ ಹಂಬಲ ಅವರದು!

ಇದರಲ್ಲಿ ಒಂದು ದೊಡ್ಡ ಪಾಠವಿದೆ. ಯೇಸುವಿನ ಬರವು ತಾವು ದುಡಿದು ಗಳಿಸಿದ್ದಲ್ಲ, ದೇವರು ತಾನಾಗಿ ಕೊಟ್ಟ ಕೊಡುಗೆ ಎಂಬುದು ಕ್ರೈಸ್ತರ ನಂಬಿಕೆ. ಅಂಥ ಕೊಡುಗೆಯ ಋಣ ತೀರಿಸುವುದು ಹೇಗೆ? ದೇವರಿಗೆ ನಾವು ಕೊಡಬಲ್ಲದ್ದಾದರೂ ಏನು? ಆದ್ದರಿಂದ ಆ ಕೃತಜ್ಞತೆ ಪಕ್ಕದವರ ಕಡೆಗೆ, ಅದರಲ್ಲೂ ತಿರುಗಿ ಕೊಡಲಾರದವರ ಕಡೆಗೆ ಹರಿಯಬೇಕು. ಹಕ್ಕಿ ಯಾರಿಗೂ 'ಥ್ಯಾಂಕ್ಸ್' ಹೇಳುವುದಿಲ್ಲ. ಆದರೂ ಅದಕ್ಕೆ ಕಾಳು ಬೇಕು.

ನಮ್ಮ ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆ ಕುಸ್ವಾರ್ ಎಂದು ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳನ್ನು ತಟ್ಟೆಯಲ್ಲಿಟ್ಟು ಜಾತಿ ಮತ ನೋಡದೆ ನೆರೆಮನೆಗಳಿಗೆ ಕಳಿಸುವುದು ವಾಡಿಕೆ. ಹಬ್ಬದ ಸಂತೋಷ ಒಂದೇ ಮನೆಯೊಳಗೆ ಉಳಿದರೆ ಅದು ಅರ್ಧ ಹಬ್ಬ ಎಂಬ ತಿಳಿವಳಿಕೆ ಆ ತಟ್ಟೆಯಲ್ಲಿದೆ.

ತಂದೆತಾಯಿಗಳೇ, ಕೇಕು ಕೊಟ್ಟವರಿಗೆ 'ಥ್ಯಾಂಕ್ಸ್' ಹೇಳೆಂದು ಮಗುವಿಗೆ ಕಲಿಸುತ್ತೇವೆ. ಒಳ್ಳೆಯದೇ. ಆದರೆ ಆ ಮಾತು ನಾಲಿಗೆಯಲ್ಲೇ ಮುಗಿದುಹೋದರೆ ಬರೀ ಶಿಷ್ಟಾಚಾರ. ಸಿಕ್ಕ ಕೇಕಿನಲ್ಲಿ ಒಂದು ತುಂಡನ್ನು ಇನ್ನೊಬ್ಬರಿಗೆ ಕೊಡಲು ಅದೇ ಮಗು ಮುಂದಾದರೆ ಅದು ಕೃತಜ್ಞತೆ.

ವಿದ್ಯಾರ್ಥಿಗಳೇ, ನಿಮಗೂ ಕೇಳದೆ ಬಂದ ಕೊಡುಗೆಗಳು ಎಷ್ಟೋ ಇವೆ: ಅಮ್ಮನ ನಿದ್ದೆಗೆಟ್ಟ ರಾತ್ರಿಗಳು, ಅಪ್ಪ ಕಟ್ಟಿದ ಫೀಸು, ಮೇಷ್ಟ್ರು ಗಂಟೆ ಹೊಡೆದ ಮೇಲೂ ನಿಂತು ಬಿಡಿಸಿಕೊಟ್ಟ ಲೆಕ್ಕ. ಇವುಗಳ ಸಾಲವನ್ನು ಅವರಿಗೇ ಪೂರ್ತಿ ಹಿಂತಿರುಗಿಸಲು ಆಗದು. ತರಗತಿಯಲ್ಲಿ ಹಿಂದೆ ಬಿದ್ದ ಗೆಳೆಯನಿಗೆ ಅದೇ ಲೆಕ್ಕ ಹೇಳಿಕೊಡಿ. ಕೃತಜ್ಞತೆ ಮುಂದೆ ಸಾಗುವುದು ಹಾಗೆಯೇ. ಗೋದಲಿಯ ಮುಂದೆ ಕೈಮುಗಿಯುವವರಿಗೂ, ದೂರ ನಿಂತು ನೋಡುವವರಿಗೂ ಈ ಪಾಠ ಒಂದೇ.